ಕಾಲು ಗಿಡ್ಡ ಇದ್ದರೆ ಸಾಕೋಕೆ ಸುಲಭವಾ?

ನಮ್ಮ ನಾಯಿ ರಾಗಿಯನ್ನು ಕರೆದುಕೊಂಡು ಸಂಜೆ ಹೊರಟರೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಒಬ್ಬರಾದರೂ ನಿಲ್ಲಿಸುತ್ತಾರೆ. "ಇದು ಮರೀನಾ?" ಅಲ್ಲ, ಏಳು ವರ್ಷ ಅದಕ್ಕೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ: "ಕಾಲು ಗಿಡ್ಡ ಇದೆ, ಜಾಸ್ತಿ ಓಡಾಡಿಸಬೇಕಿಲ್ಲ. ಫ್ಲ್ಯಾಟ್‌ನಲ್ಲಿ ಸಾಕೋಕೆ ಆರಾಮ, ಅಲ್ವಾ?"

ರಾಗಿ ಡ್ಯಾಶ್‌ಹೌಂಡ್. ಫ್ಲ್ಯಾಟ್‌ನಲ್ಲಿ ಸಾಕಬಹುದು. ಆದರೆ ಆ 'ಆರಾಮ' ಅನ್ನೋ ಮಾತಿಗೆ ನನ್ನ ತಕರಾರಿದೆ.

ಈ ತಳಿ ಜರ್ಮನಿಯದು. ಅಲ್ಲಿನ ಭಾಷೆಯಲ್ಲಿ 'ಡಾಕ್ಸ್' ಅಂದರೆ ಬ್ಯಾಡ್ಜರ್, ನಮ್ಮ ತರಕರಡಿಯ ಹಾಗೆ ನೆಲ ಬಗೆದು ಬಿಲ ಮಾಡುವ ಪ್ರಾಣಿ. 'ಹುಂಟ್' ಅಂದರೆ ನಾಯಿ. ಬಿಲದೊಳಗೆ ನುಗ್ಗಿ ಕತ್ತಲಲ್ಲಿ ಆ ಬ್ಯಾಡ್ಜರನ್ನು ಎದುರಿಸುವುದು ಇದರ ಕೆಲಸ. ಯಜಮಾನ ಮೇಲೆ, ಇದು ಕೆಳಗೆ. ಅಲ್ಲಿ ಯಾರ ಮಾತು ಕೇಳೋದು? ಇದರ ಹಟ ಅಲ್ಲಿಂದಲೇ ಬಂದಿದ್ದು ಅಂತ ನನ್ನ ಲೆಕ್ಕ. ಗಂಟಲೂ ಅಷ್ಟೇ. ಬೊಗಳಿದರೆ ನೆಲದ ಮೇಲೆ ನಿಂತವನಿಗೆ ಕೇಳಬೇಕಿತ್ತು. ಈಗ ಪಕ್ಕದ ಮನೆಯವರಿಗೆ ಕೇಳುತ್ತದೆ.

ನಮ್ಮ ಕಾಂಪೌಂಡ್ ಪಕ್ಕ ಒಂದು ಹೆಗ್ಗಣದ ಬಿಲ ಇದೆ. ಒಂದು ದಿನ ಐದು ನಿಮಿಷ ಕಣ್ಣು ತಪ್ಪಿತು. ಹೋಗಿ ನೋಡಿದರೆ ದಾಸವಾಳದ ಬುಡದಲ್ಲಿ ಮಣ್ಣು ಹಿಂದಕ್ಕೆ ಚಿಮ್ಮುತ್ತಿದೆ, ರಾಗಿಯ ಹಿಂಭಾಗ ಮಾತ್ರ ಹೊರಗಿದೆ. ಕರೆದೆ. ಬಾಲ ಅಲ್ಲಾಡಿತು. ನಾಯಿ ಬರಲಿಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ 'ವಾಲ್ಡಿ' ಅನ್ನುವ ಡ್ಯಾಶ್‌ಹೌಂಡೇ ಮ್ಯಾಸ್ಕಾಟ್. ಮ್ಯಾರಥಾನ್ ದಾರಿಯನ್ನೂ ಅದರ ಆಕಾರಕ್ಕೇ ಹೊಂದಿಸಿದ್ದರು. ಓಡಾಡಿಸೋದು ಬೇಕಿಲ್ಲ ಅನ್ನುವವರಿಗೆ ನಾನು ಸುಮ್ನೆ ಇದನ್ನು ಹೇಳಿಬಿಡುತ್ತೇನೆ. ನಮ್ಮದಕ್ಕೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬೇಕೇ ಬೇಕು.

ನಿಜವಾದ ಚಿಂತೆ ಬೆನ್ನಿನದು. ಗಿಡ್ಡ ಕಾಲಿಗೆ ಕಾರಣ ಒಂದು ಜೀನಿನ ಹೆಚ್ಚುವರಿ ಪ್ರತಿ ಅಂತ 2009ರಲ್ಲಿ ಸಂಶೋಧಕರು ಕಂಡುಕೊಂಡರು. ಅದೇ ಜೀನಿನ ಇನ್ನೊಂದು ಪ್ರತಿ 2017ರಲ್ಲಿ ಸಿಕ್ಕಿತು. ಬೆನ್ನುಮೂಳೆಯ ನಡುವಿನ ಡಿಸ್ಕ್ ಬೇಗ ಗಟ್ಟಿಯಾಗಿ ಜಾರುವುದಕ್ಕೆ ಅದು ಕಾರಣ. ಹೆಚ್ಚುಕಮ್ಮಿ ನಾಲ್ಕೈದು ಡ್ಯಾಶ್‌ಹೌಂಡ್‌ಗಳಲ್ಲಿ ಒಂದಕ್ಕೆ ಡಿಸ್ಕ್ ತೊಂದರೆ ಬರುತ್ತದೆ.

ರಾಗಿಗೂ ಬಂತು. ಎರಡು ವರ್ಷದ ಹಿಂದೆ ಸೋಫಾದಿಂದ ಹಾರಿತು, ರಾತ್ರಿ ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ನಿಂತುಬಿಟ್ಟಿತು. ಚಪಾತಿ ತುಂಡು ತೋರಿಸಿದರೂ ಮೂಸಲಿಲ್ಲ. ಆಗ ಹೆದರಿದೆ ನೋಡಿ. ಡಾಕ್ಟರ್ ಔಷಧಿ ಕೊಟ್ಟು, ನಾಲ್ಕು ವಾರ ಪಂಜರದಿಂದ ಹೊರಗೆ ಬಿಡಬೇಡಿ ಅಂದರು. ನಮ್ಮ ಪುಣ್ಯ, ಅಷ್ಟಕ್ಕೇ ಸರಿಹೋಯಿತು. ಹಿಂಗಾಲು ತೂರಾಡುತ್ತಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗ ಗಂಟೆಗಳ ಲೆಕ್ಕ.

ಈಗ ಸೋಫಾಕ್ಕೆ ಪ್ಲೈವುಡ್‌ನ ಇಳಿಜಾರು ಮಾಡಿಸಿ ಮೇಲೆ ಹಳೇ ಮ್ಯಾಟ್ ಹೊಡೆದಿದ್ದೇವೆ. ಮಗುವಿನ ಹಾಗೆ ಕಂಕುಳಿಗೆ ಕೈ ಹಾಕಿ ಎತ್ತುವುದಿಲ್ಲ. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಮುಖ್ಯವಾಗಿ ಅಮ್ಮನ ಚಪಾತಿ ಬಂದ್. ಹತ್ತೂವರೆ ಕೆಜಿ ಇದ್ದದ್ದು ಒಂಬತ್ತಕ್ಕೆ ಇಳಿದಿದೆ. ಅಮ್ಮನಿಗೆ ಇನ್ನೂ ಸಿಟ್ಟು.

ಹಾಗಾಗಿ ಯಾರು ಕೇಳಿದರೂ ನಾನು ತಿರುಗಿ ಕೇಳುತ್ತೇನೆ: ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಮೊನ್ನೆ ಒಬ್ಬರು ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂದರು. ಮೆಟ್ಟಿಲು ಹತ್ತಿಳಿಯುವಾಗ ಎತ್ತಿಕೊಂಡರಾಯಿತು, ಪುಟ್ಟ ನಾಯಿ ತಾನೇ ಅಂತಲೂ ಸೇರಿಸಿದರು. ನಾನು ಮಾತಾಡದೆ ರಾಗಿಯನ್ನು ಅವರ ಕೈಗೆ ಕೊಟ್ಟೆ. ಗೇಟಿನಿಂದ ಮನೆ ಬಾಗಿಲು ಮುಟ್ಟುವ ಮೊದಲೇ "ಉಸ್ಸಪ್ಪಾ" ಅಂತ ಕೆಳಗಿಳಿಸಿದರು.