ಪಸ್ಕದ ಬಾಗಿಲು: ಮೂರನೇ ವಾರದ ಕೆಲಸ

ಗುಡ್ ಫ್ರೈಡೇಗೆ ಇನ್ನು ಹನ್ನೆರಡು ದಿನ ಇದೆ. ಸಂಡೇ ಸ್ಕೂಲ್ ಮಕ್ಕಳಿಗಾಗಿ ಮಾಡುತ್ತಿರುವ ಐಗುಪ್ತದ (ಈಜಿಪ್ಟಿನ) ಪುಟ್ಟ ಮನೆಗೆ ಈ ವಾರ ಚಾವಣಿ ಕೂತಿತು. ಪಸ್ಕದ ರಾತ್ರಿ ಅಂದರೆ, ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲರು ಕುರಿಮರಿಯ ರಕ್ತವನ್ನು ಬಾಗಿಲಿಗೆ ಹಚ್ಚಿ, ಸಾವು ತಮ್ಮ ಮನೆಯನ್ನು ದಾಟಿ ಹೋಗಲಿ ಅಂತ ಕಾದ ರಾತ್ರಿ. ಆವತ್ತು ಅವರ ಮನೆ ಬಾಗಿಲು ಹೇಗಿತ್ತು ಅಂತ ಮಕ್ಕಳು ಕಣ್ಣಾರೆ ನೋಡಬೇಕು ಅನ್ನೋದೇ ನನ್ನ ಆಸೆ.

ಇಟ್ಟಿಗೆಗೇ ಎರಡು ವಾರ ಹಿಡಿಯಿತು. ಬೆಂಕಿಪೊಟ್ಟಣವೇ ಅಚ್ಚು. ಮೊದಲು ಬರೀ ಮಣ್ಣು, ಮರಳು ಕಲಸಿ ಮಾಡಿದ್ದೆ. ಮಾರನೇ ದಿನ ನೋಡಿದರೆ ಅರ್ಧಕ್ಕರ್ಧ ಬಿರುಕು. ರಾಗಿ ಹುಲ್ಲನ್ನು ಸಣ್ಣಗೆ ಕತ್ತರಿಸಿ ಸೇರಿಸಿದ ಮೇಲೆ ಒಂದೂ ಒಡೆಯಲಿಲ್ಲ. ಬೈಬಲ್ಲಿನ ವಿಮೋಚನಕಾಂಡದ 5ನೇ ಅಧ್ಯಾಯದಲ್ಲಿ ಐಗುಪ್ತದ ಅರಸ ಫರೋಹ, ಇಟ್ಟಿಗೆ ಮಾಡುವ ಇಸ್ರಾಯೇಲರಿಗೆ ಹುಲ್ಲು ಕೊಡೋದನ್ನು ನಿಲ್ಲಿಸಿ, ಇಟ್ಟಿಗೆ ಲೆಕ್ಕ ಮಾತ್ರ ಕಡಿಮೆ ಆಗಬಾರದು ಅಂತಾನೆ ಅಲ್ವಾ? ಅದು ಎಂಥ ಕ್ರೂರ ಮಾತು ಅಂತ ಕೈ ಮಣ್ಣಾದಾಗಲೇ ನನಗೆ ತಿಳಿದದ್ದು.

ಬಾಗಿಲಿನ ಎರಡು ನಿಲುವು ಪಟ್ಟಿ, ಮೇಲಿನ ಅಡ್ಡಪಟ್ಟಿ ಎಲ್ಲ ಹಳೇ ತೇಗದ ತುಂಡಿನವು. ರಕ್ತ ಹಚ್ಚಲು ಹಿಸ್ಸೋಪ್ ಎಂಬ ಗಿಡದ ಕಟ್ಟು ಬಳಸಿ ಅಂತ 12ನೇ ಅಧ್ಯಾಯ ಹೇಳುತ್ತದೆ. ಅದು ಸಿರಿಯಾ ಕಡೆಯ ಒರೆಗಾನೊ ಗಿಡ ಅಂತ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ನಾವು ಹೂಮಾಲೆಗೆ ಸೇರಿಸೋ ಮರುಗ ಅದರ ಹತ್ತಿರದ ನೆಂಟ. ಹೂವಿನಂಗಡಿಯಿಂದ ಒಂದು ಹಿಡಿ ಮರುಗ ತಂದು ಕಟ್ಟಿ, ಕೆಂಪು ನೀರಿನಲ್ಲಿ ಅದ್ದಿದೆ. ಆ ಪುಟ್ಟ ಎಲೆಗಳು ನೀರನ್ನು ಚೆನ್ನಾಗಿ ಹಿಡಿದುಕೊಂಡವು. ಪಟ್ಟಿಗೆ ತಾಗಿಸಿದಾಗಲೇ ಬಿಟ್ಟಿದ್ದು. ಮೇಲಿನಿಂದ ಎರಡು ಹನಿ ಹೊಸ್ತಿಲಿಗೆ ಬಿದ್ದವು. ಒರೆಸಲಿಲ್ಲ.

ಯೋಹಾನನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಶಿಲುಬೆ ಮೇಲಿದ್ದ ಯೇಸುವಿನ ಬಾಯಿಗೆ ಹುಳಿರಸದ ಸ್ಪಂಜು ಹಿಡಿದದ್ದೂ ಹಿಸ್ಸೋಪಿನ ಮೇಲೆಯೇ. ಯೇಸುವಿನ ಕಾಲು ಮುರಿಯಲಿಲ್ಲ ಅನ್ನುವುದೂ ಅಲ್ಲೇ ಇದೆ. ಪಸ್ಕದ ಕುರಿಮರಿಯ ಎಲುಬು ಮುರಿಯಬಾರದಿತ್ತಲ್ಲ! ಯೋಹಾನ ಇವನ್ನೆಲ್ಲ ಸುಮ್ನೆ ಬರೆದಿಲ್ಲ. ಪೌಲನಂತೂ ಕೊರಿಂಥದವರಿಗೆ ಬರೆಯುವಾಗ ಕ್ರಿಸ್ತನನ್ನೇ ನಮ್ಮ ಪಸ್ಕದ ಕುರಿ ಅಂದ.

ನಿನ್ನೆ ರಾತ್ರಿ ಮನೆಯೊಳಗೆ ಸಣ್ಣ ಎಲ್‌ಇಡಿ ದೀಪ ಇಟ್ಟು, ಚಾವಣಿ ಎತ್ತಿ, ಒಳಗಿನಿಂದ ಬಾಗಿಲ ಕಡೆ ನೋಡಿದೆ. ಕೆಂಪು ಕಾಣಲೇ ಇಲ್ಲ. ಅದು ಇರೋದು ಹೊರಗೆ, ಬಾಗಿಲು ಮುಚ್ಚಿದೆ, ಬೆಳಗಾಗುವ ತನಕ ಯಾರೂ ಆಚೆ ಹೋಗುವಂತಿಲ್ಲ. ಒಳಗಿದ್ದವರು ನಡುಕಟ್ಟಿಕೊಂಡು, ಕೆರ ಮೆಟ್ಟಿ, ಕೋಲು ಹಿಡಿದು, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪಿನ ಜೊತೆ ಮಾಂಸ ತಿನ್ನುತ್ತಿದ್ದಾರೆ. ರಕ್ತವನ್ನು ನೋಡಿ ದಾಟಿ ಹೋಗುತ್ತೇನೆ ಅಂದದ್ದು ದೇವರು. ನೋಡಬೇಕಾದವನು ಅವನೇ. ನಾನೋ, ನನ್ನ ನಂಬಿಕೆ ಸಾಲದೇನೋ ಅಂತ ಎಷ್ಟೋ ವರ್ಷ ಹೆದರಿ ನನ್ನೊಳಗೇ ಗುರುತು ಹುಡುಕಿದೆ. ದೀಪ ಆರಿಸದೆ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಮನೆಯೊಳಗೆ ಯೆಹೂದ್ಯರ ಸೇದೆರ್ (ಪಸ್ಕದ ರಾತ್ರಿಯ ವಿಧಿವತ್ತಾದ ಊಟ) ತಟ್ಟೆ ಇಡಿ ಅಂತ ಒಬ್ಬರು ಹೇಳಿದರು. ಬೇಡ ಅಂದೆ. ಇಂದಿನ ಆ ಕ್ರಮ ಬಹುಪಾಲು ರೂಪುಗೊಂಡದ್ದು ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ. ಅದನ್ನು ಇಂದಿಗೂ ಆಚರಿಸುವವರು ಅವರು, ನಾನು ಎತ್ತಿಕೊಂಡು ಬರೋದು ಸರಿಯಲ್ಲ.

ಉಳಿದಿರೋದು ಮಣ್ಣಿನ ಕುರಿಮರಿ. ಪಸ್ಕದ ಮರಿಯನ್ನು ತಿಂಗಳ ಹತ್ತನೇ ದಿನ ಆರಿಸಿ, ಹದಿನಾಲ್ಕರ ತನಕ ಇಟ್ಟುಕೊಳ್ಳಬೇಕಿತ್ತು. ಅದಕ್ಕೇ ಬರುವ ಗರಿಗಳ ಭಾನುವಾರ (ಗುಡ್ ಫ್ರೈಡೇಗೆ ಮುಂಚಿನ ಭಾನುವಾರ) ಮಣ್ಣಿನ ಮರಿಯನ್ನು ಮಕ್ಕಳ ಕೈಗೆ ಕೊಡುತ್ತೇನೆ. ಗುರುವಾರದ ತನಕ ಅವರೇ ನೋಡಿಕೊಳ್ಳಲಿ. ಮಾಡಿದ್ದ ಮರಿಯ ಒಂದು ಕಿವಿ ಒಣಗುವಾಗ ಉದುರಿತು. ಮರಿಗೆ ಯಾವ ಊನವೂ ಇರಬಾರದು ಅಂತ ವಾಕ್ಯವಿದೆ. ಅಂಟಿಸಲು ಮನಸ್ಸಾಗಲಿಲ್ಲ. ಬೇರೆ ಮಣ್ಣು ನೆನೆಸಿಟ್ಟಿದ್ದೇನೆ.