ಸುಮ್ನೆ ಕಣ್ಣಿಗೆ ಬಿತ್ತು

"ಮೇಡಂ, ಹಾಗಾದ್ರೆ ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ?"

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದ್ದು ನಮ್ಮ ಅಕೌಂಟ್ಸ್‌ಗೆ ಹೊಸದಾಗಿ ಸೇರಿದ ಹುಡುಗಿ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಲೆಕ್ಕಕ್ಕೂ 5,400 ವ್ಯತ್ಯಾಸ ಬರುತ್ತಿತ್ತು. ಪಾಪ, ಎರಡು ದಿನ ಊಟಕ್ಕೂ ಸರಿಯಾಗಿ ಏಳದೆ ಒಂದೊಂದೇ ಎಂಟ್ರಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಕೂತಿದ್ದಳು. ನಾನು ಹೋಗಿ ನೋಡಿದೆ, ಹತ್ತು ನಿಮಿಷದಲ್ಲಿ ಸಿಕ್ಕಿತು. 8,200 ಇರಬೇಕಾದ ಕಡೆ 2,800 ಅಂತ ಹೊಡೆದಿತ್ತು.

ಮ್ಯಾನೇಜರ್ ಎಲ್ಲರೆದುರು ನನ್ನನ್ನು ಹೊಗಳಿದರು. ಒಳ್ಳೆಯ ಮನುಷ್ಯ, ಆದರೆ ಅವಳ ಎರಡು ದಿನದ ಕಷ್ಟಕ್ಕೂ ಒಂದು ಮಾತು ಹೇಳಬಹುದಿತ್ತು ಅಲ್ವಾ? ನಾನು ಎಂದಿನಂತೆ "ಅಯ್ಯೋ ಏನಿಲ್ಲ ಸರ್, ಸುಮ್ನೆ ಕಣ್ಣಿಗೆ ಬಿತ್ತು" ಅಂದೆ. ಆಗ ಅವಳು ಕೇಳಿದ್ದು. ಮೆಲ್ಲಗೆ, ಆ ಟಿಕ್‌ಗಳನ್ನೇ ನೋಡುತ್ತಾ.

ನಾನು ಹೇಳಿದ್ದು ಸುಳ್ಳು. ವ್ಯತ್ಯಾಸ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಜಾಸ್ತಿ. 5,400 ಭಾಗವಾಗುತ್ತದೆ. ಹಾಗಾಗಿ ಅಂಥ ಎಂಟ್ರಿಗಳನ್ನೇ ಹುಡುಕಿದೆ. 11 ವರ್ಷ ಇದೇ ಕೆಲಸ ಮಾಡಿದ್ದೇನೆ. ಆದರೂ ಯಾರಾದರೂ ಹೊಗಳಿದರೆ ಎದೆ ಧಸಕ್ ಅನ್ನುತ್ತದೆ, ಇವತ್ತು ಹೇಗೋ ಬಚಾವಾದೆ, ನಾಳೆ ನನಗೇನೂ ಬರಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅಂತ.

ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇದಕ್ಕೆ "ಇಂಪೋಸ್ಟರ್ ಫಿನಾಮಿನನ್" ಅಂತ ಹೆಸರಿಟ್ಟು ಬರೆದಿದ್ದಾರೆ. ದೊಡ್ಡ ಓದು ಓದಿ ಹೆಸರು ಮಾಡಿದ ಹೆಂಗಸರೂ ತಮ್ಮ ಗೆಲುವನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುತ್ತಿದ್ದರಂತೆ. ಅದನ್ನು ಓದಿದಾಗ ನನ್ನ ಸಂಕಟಕ್ಕೊಂದು ಹೆಸರಿದೆಯಲ್ಲ ಅಂತ ಎಷ್ಟು ಸಮಾಧಾನವಾಗಿತ್ತು! ಆದರೆ ನನ್ನ ಸಂಕಟದಿಂದ ನೋವಾಗುವುದು ನನಗೊಬ್ಬಳಿಗೇ ಅಂದುಕೊಂಡಿದ್ದೆ. ನಾನು "ಸುಮ್ನೆ" ಅಂದಾಗಲೆಲ್ಲ ಪಕ್ಕದಲ್ಲಿ ಕಲಿಯೋಕೆ ನಿಂತವರು ಅದನ್ನು ಕೇಳಿಸಿಕೊಂಡು, ಇವರಿಗೆ ಇಷ್ಟು ಸುಲಭ, ನನಗೇ ಬುದ್ಧಿ ಇಲ್ಲ ಅಂದುಕೊಳ್ಳುತ್ತಾರೆ ಅನ್ನುವುದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೀಗೆ ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಿದ್ದೇನೋ.

ನಿನ್ನೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಒಂಬತ್ತರ ಲೆಕ್ಕ ಹೇಳಿಕೊಟ್ಟೆ. ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಭಾಗಿಸಿ ನೋಡಿದಳು.

"ಇದನ್ನ ಎಲ್ಲಿ ಕಲಿತ್ರಿ ಮೇಡಂ?"

ಬಾಯಿಗೆ ಬಂದ "ಸುಮ್ನೆ" ಅನ್ನು ನುಂಗಿಕೊಂಡೆ. "ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂರು ದಿನ ಹುಡುಕಿ, ಸಿಗದೆ ಅತ್ತಿದ್ದೆ ಕಣೇ. ಆಗ ಒಬ್ಬರು ಹೇಳಿಕೊಟ್ಟರು."