ಟಾರ್ಟುವಿನಿಂದ ಅಥೆನ್ಸಿಗೆ: ಎರಡು ನುಡಿಗಳ ನಡುವೆ

ಎಸ್ಟೋನಿಯಾದ ರಾಜಧಾನಿ ಟಾಲಿನ್‌ನ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಬಾಲ್ಟಿ ಯಾಮ ಮಾರುಕಟ್ಟೆಯಿದೆ. ಎಸ್ಟೋನಿಯನ್ ಭಾಷೆ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಅಲ್ಲಿ. ಅದುವರೆಗೆ ಬರೀ ಕಣ್ಣಿಗೆ ಕಂಡಿತ್ತು. ಬೀದಿ ಹೆಸರು, ಟ್ರಾಮ್ ಫಲಕ, ಅಂಗಡಿ ಬೋರ್ಡು ಎಲ್ಲವೂ ರೋಮನ್ ಅಕ್ಷರಗಳಲ್ಲೇ ಇವೆ, ಓದಲು ತೊಡಕಿಲ್ಲ; ಓದಿದ ಮೇಲೆ ಅರ್ಥವಾಗುವುದು ಮಾತ್ರ ಸೊನ್ನೆ. ಇಂಗ್ಲಿಷ್, ಹಿಂದಿ, ಸಂಸ್ಕೃತಗಳು ಸೇರಿರುವ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಈ ನುಡಿ ಸೇರುವುದಿಲ್ಲ. ಫಿನ್ನಿಶ್ ಇದರ ಹತ್ತಿರದ ನೆಂಟ, ಹಂಗೇರಿಯನ್ ದೂರದ್ದು. ಎಸ್ಟೋನಿಯನ್ ಆಡುವವರು 11 ಲಕ್ಷದ ಆಸುಪಾಸು.

ಚೀಸ್ ಅಂಗಡಿಯಲ್ಲಿ ನನ್ನ ಮುಂದಿದ್ದ ಅಜ್ಜಿ 'ಸದ ಗ್ರಮ್ಮಿ' ಎಂದರು. ನೂರು ಗ್ರಾಂ. ಈ 'ಸದ' ನಮ್ಮ 'ಶತ'ದ ನೆಂಟನೇ. ಫಿನ್ನಿಶ್, ಎಸ್ಟೋನಿಯನ್ನರ ಪೂರ್ವಿಕರು ಸಾವಿರಾರು ವರ್ಷಗಳ ಹಿಂದೆ ಇಂಡೋ-ಇರಾನಿಯನ್ ನುಡಿಯಾಡುತ್ತಿದ್ದ ನೆರೆಯವರಿಂದ ತೆಗೆದುಕೊಂಡ ಕಡ ಅದು. ಇನ್ನು 'ಗ್ರಾಂ' ಮೂಲದಲ್ಲಿ ಗ್ರೀಕ್. ಹೀಗೆ ಚೀಸ್ ತೂಗಿಸಿಕೊಳ್ಳುವಷ್ಟರಲ್ಲಿ ಎರಡು ಪರದೇಶಗಳು ಬಂದುಹೋದವು.

ಆದರೆ 'ಸದ'ದ ನಿಜವಾದ ತಮಾಷೆ ಬೇರೆಯೇ ಇದೆ. 'ಸದ' ಎಂದರೆ ನೂರು. 'ಸಾದ' ಎಂದು ಎಳೆದರೆ 'ಕಳಿಸು'. ಇನ್ನೂ ಎಳೆದರೆ 'ಪಡೆಯುವುದು'. ಬರಹದಲ್ಲಿ ಕೊನೆಯ ಎರಡಕ್ಕೂ ಒಂದೇ ಕಾಗುಣಿತ, ಕಿವಿಯೇ ಗತಿ. ನಮ್ಮ ವ್ಯಾಕರಣಗಳಲ್ಲಿ ಹ್ರಸ್ವ, ದೀರ್ಘದ ನಂತರ ಪ್ಲುತ ಎಂದೊಂದು ಬರುತ್ತದಲ್ಲ, ಅದನ್ನು ನಾವು ದೂರದಲ್ಲಿರುವವರನ್ನು ಕೂಗುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಇಲ್ಲಿ ಪ್ಲುತ ದಿನಬಳಕೆಯದು, ಅರ್ಥವನ್ನೇ ಬದಲಿಸುವಂಥದ್ದು. ಸ್ವರ ಮಾತ್ರವಲ್ಲ, ವ್ಯಂಜನಕ್ಕೂ ಮೂರು ಅಳತೆಗಳಿವೆ.

ಟಾಲಿನ್‌ನಿಂದ ವಿಶ್ವವಿದ್ಯಾಲಯದ ಊರಾದ ಟಾರ್ಟುವಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆಯ ಹಾದಿ. ಕಿಟಕಿಯಾಚೆ ಬರ್ಚ್ ಮರ, ಪೈನ್ ಮರ, ಮತ್ತೆ ಬರ್ಚ್. ಹೊತ್ತು ಕಳೆಯಲು ವಿಭಕ್ತಿಗಳನ್ನು ಬಾಯಿಪಾಠ ಮಾಡಿದೆ: 'ಟಾರ್ಟುಸ್' ಎಂದರೆ ಟಾರ್ಟುವಿನಲ್ಲಿ, 'ಟಾರ್ಟುಸ್ತ್' ಎಂದರೆ ಟಾರ್ಟುವಿನಿಂದ, 'ಟಾರ್ಟುನಿ' ಎಂದರೆ ಟಾರ್ಟುವರೆಗೆ, 'ಟಾರ್ಟುತ' ಎಂದರೆ ಟಾರ್ಟು ಇಲ್ಲದೆ. ಒಟ್ಟು 14 ವಿಭಕ್ತಿಗಳು ಎಂದರೆ ಯುರೋಪಿನವರು ಹೌಹಾರುತ್ತಾರೆ. ಪದದ ಬೆನ್ನಿಗೆ ಪ್ರತ್ಯಯ ಹಚ್ಚಿಯೇ ಬೆಳೆದ ಕನ್ನಡಿಗರು ಹೆದರಬೇಕಿಲ್ಲ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್, ಇಂಥ ಹೋಲಿಕೆಗಳನ್ನು ನೋಡಿಯೇ ನಮ್ಮ ನುಡಿಗಳಿಗೂ ಫಿನ್ನಿಶ್ ಬಳಗಕ್ಕೂ ರಕ್ತಸಂಬಂಧ ಇರಬಹುದೆಂದು ವಾದಿಸಿದ್ದ. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಸಂಬಂಧ ಇರಲಿ ಬಿಡಲಿ, ಆ ಬಸ್ಸಿನಲ್ಲಿ ನನಗೆ ಪರಕೀಯ ಅನ್ನಿಸಲಿಲ್ಲ.

ಟಾರ್ಟು ವಿಶ್ವವಿದ್ಯಾಲಯ ಶುರುವಾದದ್ದು 1632ರಲ್ಲಿ. ಅದರ ಮುಖ್ಯ ಕಟ್ಟಡದೊಳಗಿನ ಕಲಾ ಸಂಗ್ರಹಾಲಯದಲ್ಲಿ ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ನಿಂತಿವೆ. ಒಂದು ಕಾಲಕ್ಕೆ ಇಲ್ಲಿ ಪಾಠವೆಲ್ಲ ಜರ್ಮನ್‌ನಲ್ಲಿ. ಗ್ರೀಕಿಗೆ ಗೌರವ, ಹೊಲದಲ್ಲಿ ದುಡಿಯುವವರ ಎಸ್ಟೋನಿಯನ್ನಿಗೆ ಬಾಗಿಲ ಹೊರಗೆ ಜಾಗ. ಎಸ್ಟೋನಿಯನ್ ಇಲ್ಲಿ ಬೋಧನೆಯ ಭಾಷೆಯಾದದ್ದು 1919ರಲ್ಲಿ. ಹಿಂದಿನ ಗುಡ್ಡದ ಮೇಲೆ ಕ್ರಿಸ್ತ್ಯಾನ್ ಯಾಕ್ ಪೇಟರ್ಸನ್‌ನ ಪ್ರತಿಮೆಯಿದೆ. ಇಲ್ಲೇ ಓದಿದ ಈ ಹುಡುಗ ತನ್ನ ಹಳ್ಳಿಗರ ನುಡಿಯಲ್ಲಿ ಗಂಭೀರ ಪದ್ಯ ಬರೆಯಹೊರಟು 21ನೇ ವಯಸ್ಸಿಗೇ 1822ರಲ್ಲಿ ತೀರಿಕೊಂಡ. ಅವನು ಹುಟ್ಟಿದ ಮಾರ್ಚ್ 14 ಈಗ ಅಲ್ಲಿ ತಾಯ್ನುಡಿ ದಿನ.

ನನಗೆ ಹೆಚ್ಚು ಹಿಡಿಸಿದವನು ಯೊಹಾನ್ನೆಸ್ ಆವಿಕ್. 20ನೇ ಶತಮಾನದ ಆರಂಭದಲ್ಲಿ, ಭಾಷೆಗೆ ಪದಗಳು ಸಾಲುತ್ತಿಲ್ಲವೆಂದು ಕಂಡಾಗ ಕೂತು ಹೊಸದಾಗಿ ಹುಟ್ಟಿಸಿದ ಆಸಾಮಿ. ಆಯುಧಕ್ಕೆ 'ರೆಲ್ವ್', ಅಪರಾಧಕ್ಕೆ 'ರೋಯ್ಮ್'. ಯಾವ ಧಾತುವಿನಿಂದಲೂ ಬಿಡಿಸಿದ್ದಲ್ಲ, ಕಿವಿಗೆ ಸರಿಯೆನಿಸಿದ್ದೇ ಅರ್ಹತೆ. ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಪಂಡಿತರು ಉಳಿಸುತ್ತಿರಲಿಲ್ಲ. ಅಲ್ಲಿ ಇವತ್ತು ಪೊಲೀಸರೂ ಪತ್ರಿಕೆಯವರೂ ಅವನ್ನೇ ಬಳಸುತ್ತಾರೆ.

ಅಥೆನ್ಸಿನಲ್ಲಿ ಎಲ್ಲ ಉಲ್ಟಾ. ಮೊದಲು ಅಕ್ಷರವೇ ಅಡ್ಡ. ಪೈ, ಥೀಟಾ, ಸಿಗ್ಮಾಗಳನ್ನು ಗಣಿತದ ತರಗತಿಯಲ್ಲಿ ಕಲಿತದ್ದು ಸ್ವಲ್ಪ ಕೈಹಿಡಿಯಿತು. ಆದರೆ ನಾವು ಬೀಟಾ ಅನ್ನುವುದನ್ನು ಅವರು 'ವೀಟಾ' ಅನ್ನುತ್ತಾರೆ. 'ಬ' ಬೇಕಾದರೆ ಮ-ಪ ಜೋಡಿಸಿ ಬರೆಯುತ್ತಾರೆ. ಬಾರ್ ಎಂಬ ಬೋರ್ಡು ಅಕ್ಷರಶಃ 'ಮ್ಪಾರ್'. 'ಇ' ಎಂಬ ಒಂದೇ ಸ್ವರಕ್ಕೆ ಐದಾರು ಬರಹ. ಈ ಮುಳ್ಳುಬೇಲಿ ದಾಟಿದರೆ ಒಳಗೆಲ್ಲ ಪರಿಚಿತ ಮುಖಗಳು. ನೂರಕ್ಕೆ 'ಎಕತೊ', ಶತದ ನಿಜವಾದ ದಾಯಾದಿ. ಔಷಧ ಅಂಗಡಿ 'ಫಾರ್ಮಾಕಿಯೊ'. ಟಾಲಿನ್‌ನಲ್ಲಿ ಔಷಧ ಅಂಗಡಿಗೆ 'ಆಪ್ಟೇಕ್' ಎನ್ನುವುದೂ ಗ್ರೀಕಿನಿಂದ ಹೋದದ್ದೇ, ಆದರೆ ಆ ಮೂಲ ಪದಕ್ಕೆ ಅಥೆನ್ಸಿನಲ್ಲಿ ಇಂದಿನ ಅರ್ಥ ಗೋದಾಮು!

ಎಸ್ಟೋನಿಯನ್ನರಿಗೆ ಇದ್ದದ್ದು ಪದಗಳ ಬಡತನದ ಚಿಂತೆಯಾದರೆ ಗ್ರೀಕರಿಗೆ ಸಿರಿತನವೇ ಶೂಲ. ಸುಮಾರು 3,400 ವರ್ಷಗಳ ಲಿಖಿತ ದಾಖಲೆಯಿರುವ ನುಡಿ. 19ನೇ ಶತಮಾನದಲ್ಲಿ ದೇಶ ಸ್ವತಂತ್ರವಾದಾಗ ಜನ ಆಡುವ ಮಾತು ಓದುಬಲ್ಲವರಿಗೆ ಕೀಳಾಗಿ ಕಂಡಿತು. ಹಳೆಯ ವ್ಯಾಕರಣ ತೊಡಿಸಿ 'ಕಥರೆವೂಸ', ಅಂದರೆ ಶುದ್ಧ ನುಡಿ, ಎಂಬುದನ್ನು ಬೆಳೆಸಿದರು. ಒಲಿಂಪಿಯನ್ ಝ್ಯೂಸ್ ದೇಗುಲದ ಕಂಬಗಳ ಬಳಿ ನಿಂತಾಗ ನನಗೆ ಝ್ಯೂಸ್‌ಗಿಂತ 1901ರ ನವೆಂಬರ್ ನೆನಪಾಯಿತು. ಮ್ಯಾಥ್ಯೂ ಸುವಾರ್ತೆಯನ್ನು ಆಡುನುಡಿಯಲ್ಲಿ ಪತ್ರಿಕೆಯೊಂದು ಅಚ್ಚುಹಾಕಿತೆಂದು ಸಿಟ್ಟಾದ ಗುಂಪು ಸಭೆ ಸೇರಿದ್ದು ಇಲ್ಲೇ. ಗಲಭೆಯಲ್ಲಿ ಎಂಟು ಜನ ಸತ್ತರು, ಸರ್ಕಾರ ಬಿದ್ದಿತು. ಆಡುನುಡಿ ಅಧಿಕೃತವಾಗಲು 1976ರವರೆಗೆ ಕಾಯಬೇಕಾಯಿತು. ಪ್ರಾಚೀನರ ಸ್ವರಭಾರದ ಚಿಹ್ನೆಗಳ ಜಂಜಾಟ ಕಳಚಿ ಒಂದೇ ಚಿಹ್ನೆ ಉಳಿದದ್ದು 1982ರಲ್ಲಿ.

ಆ ಜಗಳ ಪೂರ್ತಿ ಮುಗಿದಿಲ್ಲವೆಂದು ಬೀದಿ ಬೋರ್ಡುಗಳು ಹೇಳುತ್ತವೆ. ಬ್ರೆಡ್ಡಿಗೆ ಬಾಯಲ್ಲಿ 'ಪ್ಸೊಮಿ', ಆದರೆ ಬೇಕರಿಯ ಬೋರ್ಡಿನಲ್ಲಿ ಹಳೆಯ 'ಆರ್ತೊಸ್'ನಿಂದ ಕಟ್ಟಿದ 'ಆರ್ತೊಪಿಯೊ'. ಮೀನಿಗೆ ಬಾಯಲ್ಲಿ 'ಪ್ಸಾರಿ', ಅಂಗಡಿಯ ಹಲಗೆಯ ಮೇಲೆ 'ಇಖ್ಥಿಸ್'ನ ಸಂತಾನ. ಮನೆಯಲ್ಲಿ ನೀರು ಕುಡಿದು ಬಿಲ್ಲನ್ನು ಜಲಮಂಡಳಿಗೆ ಕಟ್ಟುವ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಹೋಟೆಲಿನ ಕೆಳಗಿನ ಬೇಕರಿಯಲ್ಲಿ ಎಪ್ಪತ್ತು ದಾಟಿದಂತಿದ್ದ ಅಮ್ಮ ಕೂತಿರುತ್ತಿದ್ದರು. ಶಾಲೆಯಲ್ಲಿ ಶುದ್ಧ ನುಡಿಯಲ್ಲೇ ಪ್ರಬಂಧ ಬರೆದವರು. ಹಳೆಯ ಚಿಹ್ನೆಗಳನ್ನು ಈಗಲೂ ಹಾಕುತ್ತೀರಾ ಎಂದು ಕೇಳಿದೆ. 'ನೇ' ಎಂದರು. ಅಂದರೆ ಹೌದು. ಬಿಲ್ಲಿನ ಹಿಂದೆ ಪೆನ್ನಿನಿಂದ ತಮ್ಮ ಹೆಸರು ಬರೆದು, ಮೇಲೆ ಎರಡು ಸಣ್ಣ ಗೆರೆ ಎಳೆದು ತೋರಿಸಿದರು. ಅದು ಮೊಮ್ಮಕ್ಕಳಿಗೆ ಬರುತ್ತದಾ ಎಂದೆ. ಹುಬ್ಬೇರಿಸಿ, ತಲೆ ಹಿಂದಕ್ಕೆಸೆದು 'ತ್ಸ' ಎಂದು, ಅಂದರೆ ಇಲ್ಲವೆಂದು ಹೇಳಿ, ನನ್ನ ಹಿಂದಿದ್ದವರಿಗೆ ಬ್ರೆಡ್ಡು ಕಟ್ಟತೊಡಗಿದರು.